ತನ್ನ ಲೆಕ್ಕವನ್ನು ತಾನೇ ತಿದ್ದಿದ ವಿಜ್ಞಾನಿ



ನಾನು ವೃತ್ತಿಯಲ್ಲಿ ಚಾರ್ಟರ್ಡ್ ಅಕೌಂಟೆಂಟ್. ವಿಜ್ಞಾನದ ಇತಿಹಾಸ ಹೇಳಲು ಲೆಕ್ಕಿಗನೇ ಸಿಕ್ಕನೇ ಎಂದು ನಿಮಗೆ ಅನಿಸಬಹುದು. ಇದು ಪ್ರಯೋಗಾಲಯದ ಕಥೆಯೇ ಹೌದು. ಆದರೆ ಇದರ ತಿರುಳು ಇರುವುದು ದಾಖಲೆಗಳಲ್ಲಿ, ಮತ್ತು ದಾಖಲೆ ನೋಡುವುದೇ ನನ್ನ ಕಸುಬು.

1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಹುಟ್ಟಿದಳು. ಸರಿಯಾಗಿ 70 ದಿನಗಳ ನಂತರ, ಅಕ್ಟೋಬರ್ 3ರಂದು, ಕೋಲ್ಕತ್ತಾದಲ್ಲಿ 'ದುರ್ಗಾ' ಹುಟ್ಟಿದಳು. ಅದರ ಹಿಂದಿದ್ದವರು ಡಾ. ಸುಭಾಷ್ ಮುಖರ್ಜಿ. ಕೋಲ್ಕತ್ತಾದಲ್ಲಿ ಒಂದು, ಎಡಿನ್‌ಬರೋದಲ್ಲಿ ಒಂದು, ಹೀಗೆ ಎರಡು ಪಿಎಚ್.ಡಿ. ಪಡೆದಿದ್ದ ಹಾರ್ಮೋನ್ ತಜ್ಞರು.

ಅವರ ದಾರಿ ಇಂಗ್ಲೆಂಡಿನವರದಕ್ಕಿಂತ ಬೇರೆ. ಅಲ್ಲಿ ಸಹಜ ಋತುಚಕ್ರದ ಅಂಡಾಣುವನ್ನು ಲ್ಯಾಪರೊಸ್ಕೋಪಿಯಿಂದ ತೆಗೆದು, ಭ್ರೂಣವನ್ನು ಕೆಲವೇ ದಿನಗಳಲ್ಲಿ ಗರ್ಭಕೋಶಕ್ಕೆ ಸೇರಿಸಿದ್ದರು. ಮುಖರ್ಜಿಯವರು ಹಾರ್ಮೋನ್ ಕೊಟ್ಟು ಹಲವು ಅಂಡಾಣುಗಳನ್ನು ಬೆಳೆಸಿ, ಯೋನಿಮಾರ್ಗವಾಗಿ ತೆಗೆದು, ಭ್ರೂಣವನ್ನು 53 ದಿನ ಶೈತ್ಯೀಕರಿಸಿ ಇಟ್ಟರು. ಹಾರ್ಮೋನಿನ ಪ್ರಭಾವ ಇಳಿದು ಗರ್ಭಕೋಶ ಹದಕ್ಕೆ ಬಂದ ಮೇಲೆ, ಮುಂದಿನ ಋತುಚಕ್ರದಲ್ಲಿ ಅದನ್ನು ಒಳಗೆ ಸೇರಿಸಿದರು. ಇಂದು ನಮ್ಮಲ್ಲೇ ಅನೇಕ ದಂಪತಿಗಳು ಐವಿಎಫ್ ಕ್ಲಿನಿಕ್ಕುಗಳಲ್ಲಿ ಕಾಣುವುದು ಹೆಚ್ಚುಕಡಿಮೆ ಇದೇ ಕ್ರಮ.

ಆದರೆ ಅಂದು ಯಾರೂ ನಂಬಲಿಲ್ಲ. ದುರ್ಗಾಳ ಮನೆಯವರಿಗೆ ಹೆಸರು ಹೊರಬರುವುದು ಬೇಡವಾಗಿತ್ತು. ಪಶ್ಚಿಮ ಬಂಗಾಳ ಸರ್ಕಾರ ತನಿಖಾ ಸಮಿತಿ ನೇಮಿಸಿತು. ಅದರ ಅಧ್ಯಕ್ಷರು ರೇಡಿಯೊ ಭೌತವಿಜ್ಞಾನದವರು. ಸಮಿತಿ ಈ ಸಾಧನೆಯನ್ನೇ ತಳ್ಳಿಹಾಕಿತು. ಜಪಾನಿನ ಸಮ್ಮೇಳನಕ್ಕೆ ಹೋಗಲು ಮುಖರ್ಜಿಯವರಿಗೆ ಅನುಮತಿ ಸಿಗಲಿಲ್ಲ. 1981ರಲ್ಲಿ ಅವರನ್ನು ಕಣ್ಣಿನ ಸಂಸ್ಥೆಯೊಂದಕ್ಕೆ ವರ್ಗ ಮಾಡಿದರು. ಅದೇ ಜೂನ್ 19ರಂದು ಅವರು ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ಆಗ ಅವರಿಗೆ 50 ವರ್ಷ.

ಈಗ ಎರಡನೆಯ ವಿಜ್ಞಾನಿಯ ಮಾತು. ಡಾ. ಟಿ.ಸಿ. ಆನಂದ ಕುಮಾರ್ ಮುಂಬೈಯ ಸಂತಾನೋತ್ಪತ್ತಿ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದರು. 1986ರ ಆಗಸ್ಟ್ 6ರಂದು ಅವರ ಮತ್ತು ಡಾ. ಇಂದಿರಾ ಹಿಂದುಜಾ ಅವರ ತಂಡದ ಶ್ರಮದಿಂದ ಕೆಇಎಂ ಆಸ್ಪತ್ರೆಯಲ್ಲಿ ಹೆಣ್ಣು ಮಗುವೊಂದು ಹುಟ್ಟಿತು. 'ಭಾರತದ ಮೊದಲ ಪ್ರನಾಳ ಶಿಶು' ಎಂಬ ಕೀರ್ತಿ ಆ ತಂಡಕ್ಕೆ ಬಂತು. ನಂತರ ಅವರು ನಮ್ಮ ಬೆಂಗಳೂರಿನಲ್ಲಿ ನೆಲೆಸಿದರು.

1997ರಲ್ಲಿ ಒಂದು ಸಮ್ಮೇಳನಕ್ಕೆಂದು ಕೋಲ್ಕತ್ತಾಕ್ಕೆ ಹೋದಾಗ ಮುಖರ್ಜಿಯವರ ಕೈಬರಹದ ಟಿಪ್ಪಣಿಗಳು ಅವರ ಕೈಗೆ ಬಂದವು. ಅವನ್ನು ಒಂದೊಂದಾಗಿ ಓದಿದರು, ದುರ್ಗಾಳ ತಂದೆತಾಯಿಯನ್ನು ಮಾತಾಡಿಸಿದರು. ಬಳಿಕ ಅದೇ ವರ್ಷ ಬೆಂಗಳೂರಿನಿಂದಲೇ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದರು: ಮೊದಲಿಗರು ನಾವಲ್ಲ, ಮುಖರ್ಜಿ. ಅವರನ್ನು ಹೀಗೆ ಬರೆಯಿರಿ ಎಂದು ಯಾವ ಸಮಿತಿಯೂ ಕೇಳಿರಲಿಲ್ಲ. ಸುಮ್ಮನಿದ್ದಿದ್ದರೆ ಕೀರ್ತಿ ಅವರಲ್ಲೇ ಉಳಿಯುತ್ತಿತ್ತು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಮುಖರ್ಜಿಯವರ ಕೆಲಸವನ್ನು ಒಪ್ಪಿಕೊಂಡಿತು.

ಬಂಧುಗಳೇ, ನಾನೊಂದು ತಪ್ಪೊಪ್ಪಿಗೆ ಮಾಡಿಕೊಳ್ಳಬೇಕು. 1978ರಲ್ಲಿ ಆ ಸಮಿತಿಯಲ್ಲಿ ನಾನಿದ್ದಿದ್ದರೆ ಬಹುಶಃ ನಾನೂ ಸಹಿ ಹಾಕುತ್ತಿದ್ದೆ. ವೋಚರ್ ಇಲ್ಲದಿದ್ದರೆ ಖರ್ಚನ್ನು ಒಪ್ಪಬಾರದು ಎಂದೇ ನಾವು ಕಲಿತದ್ದು. ಆದರೆ ಇಲ್ಲಿ ವೋಚರ್ ಇತ್ತು. ಓದಬಲ್ಲವರ ಕೈಗೆ ಅದನ್ನು ಯಾರೂ ಕೊಡಲಿಲ್ಲ. ಗೊತ್ತಿಲ್ಲದ ವಿಷಯದ ಲೆಕ್ಕಕ್ಕೆ ಸಹಿ ಹಾಕುವಾಗ ತಿಳಿದವರನ್ನು ಕೇಳಬೇಕು ಎಂಬುದೂ ನಮ್ಮ ವೃತ್ತಿಯ ಪಾಠವೇ. ಅವಸರದಲ್ಲಿ ಅದನ್ನು ನಾನೂ ಮರೆತದ್ದುಂಟು.

ಹಿಂದಿನ ವರ್ಷದ ಲೆಕ್ಕದಲ್ಲಿ ತಪ್ಪು ಕಂಡರೆ ಈ ವರ್ಷ ಅದನ್ನು ತಿದ್ದಿ, ತಿದ್ದಿದ್ದೇವೆ ಎಂದು ಬರೆಯುತ್ತೇವೆ. ತಿದ್ದುಪಡಿಯಿಂದ ನಮಗೇ ನಷ್ಟವಾಗುವಂತಿದ್ದರೆ ಕೈ ತಡೆಯುತ್ತದೆ. ಆನಂದ ಕುಮಾರ್ ಅವರ ಕೈ ತಡೆಯಲಿಲ್ಲ. 2010ರಲ್ಲಿ ಅವರು ತೀರಿಕೊಂಡರು. ಅವರ ಹೆಸರಿನಿಂದ 'ಮೊದಲಿಗ' ಎಂಬ ಪದವನ್ನು ಅಳಿಸಿದವರು ಅವರೇ. ನಾನು ಅವರನ್ನು ನೆನೆಯುವುದು ಅದಕ್ಕಾಗಿಯೇ.