ಕೆನಡಾದಲ್ಲಿ ನೈಸರ್ಗಿಕ ಆರೋಗ್ಯ ಉತ್ಪನ್ನಗಳ ನಿಯಂತ್ರಣ

ಕೆನಡಾದ ಔಷಧದಂಗಡಿಯಲ್ಲಿ ಮಾರುವ ವಿಟಮಿನ್ ಮಾತ್ರೆಯಿರಲಿ, ಮೀನೆಣ್ಣೆಯ ಕ್ಯಾಪ್ಸೂಲ್ ಇರಲಿ, ಅಶ್ವಗಂಧದ ಪುಡಿಯಿರಲಿ, ಡಬ್ಬಿಯ ಮೇಲೆ ಎನ್‌ಪಿಎನ್ ಎಂಬ ಎಂಟಂಕಿಯ ಸಂಖ್ಯೆ ಇರಲೇಬೇಕು. ಉತ್ಪನ್ನದ ಸುರಕ್ಷತೆ, ಪರಿಣಾಮ ಮತ್ತು ಗುಣಮಟ್ಟಕ್ಕೆ ತಯಾರಕರು ಒದಗಿಸಿದ ಪುರಾವೆಯನ್ನು ಕೇಂದ್ರ ಸರ್ಕಾರದ ಹೆಲ್ತ್ ಕೆನಡಾ ಇಲಾಖೆ ಪರಿಶೀಲಿಸಿ ಪರವಾನಗಿ ನೀಡಿದೆ ಎಂಬುದರ ಗುರುತು ಅದು.

ಮೊದಲು ಇಂಥ ವಸ್ತುಗಳನ್ನು ಆಹಾರ ಇಲ್ಲವೇ ಔಷಧ ಎಂದು ಎಣಿಸಲಾಗುತ್ತಿತ್ತು; ಎರಡೂ ಅವಕ್ಕೆ ಸರಿಹೊಂದುತ್ತಿರಲಿಲ್ಲ. 1998ರಲ್ಲಿ ಸಂಸತ್ತಿನ ಆರೋಗ್ಯ ಸಮಿತಿ 53 ಶಿಫಾರಸುಗಳನ್ನು ಮಾಡಿತು. ಅವುಗಳ ಆಧಾರದ ಮೇಲೆ ರೂಪುಗೊಂಡ ಪ್ರತ್ಯೇಕ ನಿಯಮಾವಳಿ 2004ರ ಜನವರಿ 1ರಂದು ಜಾರಿಗೆ ಬಂತು. ಉತ್ಪನ್ನಕ್ಕಷ್ಟೇ ಅಲ್ಲ, ಅದನ್ನು ತಯಾರಿಸುವ, ಪೊಟ್ಟಣ ಕಟ್ಟುವ, ಲೇಬಲ್ ಹಚ್ಚುವ, ಆಮದು ಮಾಡಿಕೊಳ್ಳುವ ಸಂಸ್ಥೆಗಳಿಗೂ ಪರವಾನಗಿ ಬೇಕು. ಬಳಸಿದವರಿಗೆ ಗಂಭೀರ ತೊಂದರೆಯಾದರೆ ಪರವಾನಗಿದಾರರು 15 ದಿನಗಳೊಳಗೆ ಇಲಾಖೆಗೆ ವರದಿ ಮಾಡಬೇಕು.

ಮಾರುವ ಮುನ್ನವೇ ಪುರಾವೆ ಕೇಳುವುದು ಈ ವ್ಯವಸ್ಥೆಯ ಜೀವಾಳ. ನೆರೆಯ ಅಮೆರಿಕದಲ್ಲಿ ಹಾಗಿಲ್ಲ. ಅಲ್ಲಿನ 1994ರ ಕಾನೂನಿನಂತೆ ಪೂರಕಗಳಿಗೆ ಮುಂಗಡ ಅನುಮೋದನೆ ಬೇಕಿಲ್ಲ. ಅಪಾಯವಿದೆಯೆಂದು ಸಾಬೀತುಪಡಿಸುವ ಹೊಣೆ ಸರ್ಕಾರದ ಮೇಲಿದೆ. ತೂಕ ಇಳಿಸಲೆಂದು ಮಾರುತ್ತಿದ್ದ ಎಫೆಡ್ರಾ ಮೂಲಿಕೆಯ ಪ್ರಕರಣ ಇದರ ಬೆಲೆಯನ್ನು ತೋರಿಸಿತು. ರಕ್ತದೊತ್ತಡ ಏರಿಸಿ ಹೃದಯಕ್ಕೆ ಹೊರೆಯಾಗುವ ಈ ಉತ್ಪನ್ನಗಳ ಬಗ್ಗೆ ಹೆಲ್ತ್ ಕೆನಡಾ 2002ರ ಜನವರಿಯಲ್ಲೇ ಎಚ್ಚರಿಕೆ ನೀಡಿ, ಮಾರುಕಟ್ಟೆಯಿಂದ ವಾಪಸು ಪಡೆಯುವಂತೆ ಕೋರಿತ್ತು. ಅಮೆರಿಕದಲ್ಲಿ ನಿಷೇಧ ಜಾರಿಯಾದದ್ದು 2004ರ ಏಪ್ರಿಲ್‌ನಲ್ಲಿ. ಅಷ್ಟರೊಳಗೆ, 2003ರ ಫೆಬ್ರುವರಿಯಲ್ಲಿ, ಎಫೆಡ್ರಾ ಸೇವಿಸುತ್ತಿದ್ದ ಬೇಸ್‌ಬಾಲ್ ಆಟಗಾರ ಸ್ಟೀವ್ ಬೆಕ್ಲರ್ ತರಬೇತಿಯ ವೇಳೆ ಬಿಸಿಲಾಘಾತಕ್ಕೆ ಒಳಗಾಗಿ ಸತ್ತಿದ್ದರು.

ಆದರೆ ಕೆನಡಾದ ಕಾವಲೂ ಬಿಗಿಯಾಗಿರಲಿಲ್ಲ. ಮಹಾಲೆಕ್ಕಪರಿಶೋಧಕರ ಕಚೇರಿ 2021ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ವರದಿ ಕಳವಳ ಹುಟ್ಟಿಸುವಂಥದು. ಪರಿಶೀಲಿಸಿದ 75 ಪರವಾನಗಿ ಪಡೆದ ಉತ್ಪನ್ನಗಳಲ್ಲಿ ಶೇ. 88ರಷ್ಟರ ಜಾಹೀರಾತು, ಶೇ. 56ರಷ್ಟರ ಲೇಬಲ್ ದಾರಿತಪ್ಪಿಸುವಂತಿದ್ದವು. ಕಾರ್ಖಾನೆಗಳಿಗೆ ಹೋಗಿ ಖುದ್ದು ನೋಡದೆ, ಕಾಗದಪತ್ರ ನಂಬಿ ಪರವಾನಗಿ ಕೊಡುವ ಪದ್ಧತಿಯೂ ಬಯಲಾಯಿತು.

ಇನ್ನೂ ದೊಡ್ಡ ಕೊರತೆಯೊಂದಿತ್ತು. ಅಪಾಯಕಾರಿ ಉತ್ಪನ್ನವನ್ನು ಹಿಂದಕ್ಕೆ ಪಡೆಯಿರೆಂದು ಆದೇಶಿಸುವ ಅಧಿಕಾರವೇ ಇಲಾಖೆಗೆ ಇರಲಿಲ್ಲ, ಕೋರಬಹುದಿತ್ತು ಅಷ್ಟೇ. ವೈದ್ಯರು ಬರೆದುಕೊಟ್ಟ ಔಷಧದಿಂದ 2000ದಲ್ಲಿ ಸತ್ತ ಹದಿನೈದರ ಬಾಲೆ ವನೆಸಾ ಯಂಗ್ ಹೆಸರಿನ 2014ರ ಕಾನೂನು ಔಷಧಗಳ ವಿಷಯದಲ್ಲಿ ಈ ಅಧಿಕಾರ ಕೊಟ್ಟಿತ್ತು. 2023ರ ಜೂನ್‌ನಲ್ಲಿ ಅದನ್ನು ನೈಸರ್ಗಿಕ ಉತ್ಪನ್ನಗಳಿಗೂ ವಿಸ್ತರಿಸಲಾಯಿತು. ಐದು ಸಾವಿರ ಡಾಲರ್‌ಗೆ ಸೀಮಿತವಾಗಿದ್ದ ದಂಡ ಈಗ ದಿನಕ್ಕೆ 50 ಲಕ್ಷ ಡಾಲರ್‌ವರೆಗೆ ಏರಬಹುದು. ಹೊಸ ಶುಲ್ಕಗಳ ಪ್ರಸ್ತಾಪವೂ ಅದೇ ವರ್ಷ ಬಂದದ್ದರಿಂದ ತಯಾರಕರ ವಿರೋಧ ಜೋರಾಯಿತು. ಸಣ್ಣ ಉದ್ದಿಮೆಗಳ ಶುಲ್ಕದ ಚಿಂತೆಯಲ್ಲಿ ಹುರುಳಿದೆ. ಹಿಂಪಡೆಯುವ ಆದೇಶಕ್ಕೆ ಅಡ್ಡಿಪಡಿಸುವುದರಲ್ಲಿ ಇಲ್ಲ.

ಕೆಲವು ಆಯುರ್ವೇದ ಉತ್ಪನ್ನಗಳಲ್ಲಿ ಸೀಸ, ಪಾದರಸ, ಆರ್ಸೆನಿಕ್ ಅತಿಯಾಗಿವೆಯೆಂದು ಹೆಲ್ತ್ ಕೆನಡಾ 2005ರಲ್ಲೇ ಎಚ್ಚರಿಸಿತ್ತು. ಸ್ವಂತ ಬಳಕೆಗೆ 90 ದಿನಗಳಿಗೆ ಸಾಲುವಷ್ಟನ್ನು ಹೊರದೇಶದಿಂದ ತರಲು ಅವಕಾಶವಿದೆ. ಹಾಗಾಗಿ ಬೆಂಗಳೂರಿನಿಂದ ಟೊರಾಂಟೊಗೆ ಸೂಟ್‌ಕೇಸಿನಲ್ಲಿ ಹೋಗುವ ಲೇಹ್ಯ, ಭಸ್ಮಗಳು ಈ ಪರವಾನಗಿ ಪರೀಕ್ಷೆಗೆ ಒಳಪಡುವುದಿಲ್ಲ.