ಯಾವ ಇಂಡಿ?

ಕನ್ನಡಿಗರಿಗೆ ಇಂಡಿ ಅಂದರೆ ಮೊದಲು ನೆನಪಾಗಬೇಕಾದದ್ದು ವಿಜಯಪುರ ಜಿಲ್ಲೆಯ ಊರು, ಅಲ್ಲಿನ ಲಿಂಬೆಹಣ್ಣು. ನಾನು ಹೇಳಹೊರಟಿರುವುದು ಇನ್ನೊಂದು ಇಂಡಿಯ ಕಥೆ: ‘ಇಂಡಿಪೆಂಡೆಂಟ್’ ಪದದ ಬಾಲ ಕತ್ತರಿಸಿ ಬ್ರಿಟನ್ನಿನ ಸಂಗೀತದವರು ಇಟ್ಟುಕೊಂಡ ಮುದ್ದಿನ ಹೆಸರು.

ಹುಟ್ಟುವಾಗ ಇದು ಬರೀ ವ್ಯಾಪಾರದ ಮಾತು. 1977ರಲ್ಲಿ ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ತಂಡ ಸಾಲ ಮಾಡಿ ತನ್ನ ರೆಕಾರ್ಡನ್ನು ತಾನೇ ಹೊರತಂದಿತು. 1980ರ ಜನವರಿಯಲ್ಲಿ ಇಂಥವಕ್ಕೆಂದೇ ಪ್ರತ್ಯೇಕ ಮಾರಾಟಪಟ್ಟಿ ಶುರುವಾಯಿತು. ರೆಕಾರ್ಡನ್ನು ಅಂಗಡಿಗೆ ಮುಟ್ಟಿಸುವ ವಿತರಕ ದೊಡ್ಡ ಕಂಪನಿಯವನಾಗಿರಬಾರದು, ಅಷ್ಟೇ ನಿಯಮ. ಹಾಡು ಹೇಗಾದರೂ ಇರಲಿ. ಹಾಗಾಗಿಯೇ ಎಂಬತ್ತರ ದಶಕದ ಕೊನೆಗೆ ಅಪ್ಪಟ ಪಾಪ್ ಗಾಯಕಿ ಕೈಲಿ ಮಿನೋಗ್ ಆ ಪಟ್ಟಿಯ ತುದಿಗೇರಿದರು. ಗಿಟಾರ್ ಹುಡುಗರಿಗೆ ಹೊಟ್ಟೆ ಉರಿದಿರಬೇಕು! ಅಷ್ಟರಲ್ಲಿ ಎನ್‌ಎಂಇ ಪತ್ರಿಕೆ 1986ರಲ್ಲಿ ತಂದ ‘ಸಿ86’ ಕ್ಯಾಸೆಟ್‌ನಿಂದ ಪದದ ಅರ್ಥ ವಾಲತೊಡಗಿತ್ತು. ಕಿಣಿಕಿಣಿ ಗಿಟಾರ್, ಸಂಕೋಚದ ದನಿ ಕೇಳಿಸಿದರೆ ಸಾಕು, ಅದು ಇಂಡಿ.

ಈಗಂತೂ ಪದ ಪೂರ್ತಿ ಮನೆ ಬಿಟ್ಟಿದೆ. ಎಲ್ಲೀ ರೋಸೆಲ್ ಎಂಬಾಕೆ ಹಾಡುವ ವುಲ್ಫ್ ಆಲಿಸ್ ತಂಡದ ‘ದಿ ಕ್ಲಿಯರಿಂಗ್’ ಆಲ್ಬಮ್ 2025ರ ಆಗಸ್ಟ್‌ನಲ್ಲಿ ಬಂದದ್ದು ಸೋನಿ ಎಂಬ ದೊಡ್ಡ ಕಂಪನಿಗೆ ಸೇರಿದ ಕೊಲಂಬಿಯಾದಿಂದ. ಆದರೂ ಅವರನ್ನು ಕರೆಯುವುದು ಇಂಡಿ ಎಂದೇ. ಅದೇ ವರ್ಷದ ಜುಲೈನಲ್ಲಿ ‘ಮಾಯಿಶ್ಚರೈಸರ್’ ತಂದ ವೆಟ್ ಲೆಗ್ ತಂಡದ್ದು ಡೊಮಿನೊ ಎಂಬ ನಿಜಕ್ಕೂ ಸ್ವತಂತ್ರ ಕಂಪನಿ. ಕೇಳುಗರಿಗೆ ಎರಡರ ನಡುವೆ ಭೇದವಿಲ್ಲ. ಇರಬೇಕಾಗಿಯೂ ಇಲ್ಲ ಅನ್ನಿ.

ನನಗೆ ಕಿರಿಕಿರಿ ಇಂಡಿಯ ಪಕ್ಕದಲ್ಲಿ ಬಂದು ಕೂರುವ ‘ಫೀಮೇಲ್ ಫ್ರಂಟೆಡ್’ ಬಗ್ಗೆ. ಹೆಣ್ಣು ಮುಂದೆ ನಿಂತು ಹಾಡುವ ತಂಡ ಎಂದು ಅದರರ್ಥ. ಪಂಕ್, ಫೋಕ್, ಶೂಗೇಜ್ ಎಂದು ಸಂಗೀತದ ಬಗೆಯನ್ನು ಬರೆಯಬೇಕಾದ ಜಾಗದಲ್ಲಿ ಇದನ್ನು ಬರೆಯುತ್ತಾರೆ. ಬ್ರೈಟನ್ನಿನ ಲ್ಯಾಂಬ್ರಿನಿ ಗರ್ಲ್ಸ್ ಕಿರುಚುವ ಪಂಕ್ ತಂಡ. ಮಿಶೆಲ್ ಜೌನರ್ ಅವರ ಜಪನೀಸ್ ಬ್ರೇಕ್‌ಫಾಸ್ಟ್ 2025ರಲ್ಲಿ ತಂದದ್ದು ಮೆಲುದನಿಯ, ವಿಷಾದ ತುಂಬಿದ ಆಲ್ಬಮ್. ಎರಡನ್ನೂ ಒಂದೇ ಬುಟ್ಟಿಗೆ ಹಾಕಿದರೆ ಕೇಳುಗನಿಗೆ ತಿಳಿದದ್ದಾದರೂ ಏನು? ಕೋಲ್ಡ್‌ಪ್ಲೇಯನ್ನು ಗಂಡಸು ಹಾಡುವ ತಂಡ ಎಂದು ಯಾರೂ ಪರಿಚಯಿಸಿದ್ದಿಲ್ಲ.

ನಮ್ಮಲ್ಲೂ ಸಾಹಿತ್ಯ ಸಮ್ಮೇಳನದ ಮಹಿಳಾ ಗೋಷ್ಠಿಯ ಬಗ್ಗೆ ಇದೇ ತಕರಾರು ಎದ್ದದ್ದುಂಟು. ಆದರೆ ಕರ್ನಾಟಕ ಲೇಖಕಿಯರ ಸಂಘದ ಮಾತು ಬೇರೆ. ಆ ಹೆಸರನ್ನು ಬರೆಯುವ ಹೆಂಗಸರೇ ಇಟ್ಟುಕೊಂಡರು. ತೊಂಬತ್ತರ ದಶಕದ ಆರಂಭದಲ್ಲಿ ಅಮೆರಿಕದ ಒಲಿಂಪಿಯಾದಲ್ಲಿ ಬಿಕಿನಿ ಕಿಲ್‌ನಂಥ ತಂಡಗಳು ‘ರಯಟ್ ಗರ್ಲ್’ ಎಂದು ಹೇಳಿಕೊಂಡದ್ದೂ ಹಾಗೆಯೇ. ‘ಗರ್ಲ್’ನ ಕಾಗುಣಿತದಲ್ಲಿ ಬೇಕೆಂದೇ ‘ರ’ಕಾರಗಳನ್ನು ಹೆಚ್ಚಿಸಿ ಅದನ್ನು ಗುರುಗುಟ್ಟಿಸಿದರು. ಬೈಗುಳವಾಗಿ ಹುಟ್ಟಿದ ‘ಶೂಗೇಜ್’ ಕೂಡ ಹೀಗೆ ಒಲಿದುಬಂದದ್ದೇ. ಕಾಲಡಿಯ ಪೆಡಲ್‌ಗಳನ್ನೇ ನೋಡುತ್ತ ನುಡಿಸುತ್ತಾರೆಂದು ಲಷ್, ಸ್ಲೋಡೈವ್‌ನಂಥ ತಂಡಗಳನ್ನು ಪತ್ರಿಕೆಗಳು ಹಂಗಿಸಿದವು. ಇಂದಿನ ಹುಡುಗ ಹುಡುಗಿಯರು ಅದನ್ನು ಹೆಮ್ಮೆಯಿಂದ ಹಚ್ಚಿಕೊಳ್ಳುತ್ತಾರೆ.

ಹೆಂಗಸರ ಹಾಡನ್ನೇ ಹುಡುಕುವವರಿಗೆ ‘ಫೀಮೇಲ್ ಫ್ರಂಟೆಡ್’ ದಾರಿ ತೋರಿಸಬಹುದು, ಒಪ್ಪಿದೆ. ಅದರಲ್ಲಿ ನನಗೆ ಹೆಚ್ಚು ಚುಚ್ಚುವುದು ‘ಮುಂದೆ’ ಅನ್ನುವ ಭಾಗ. ಶಿಕಾಗೋದ ಹಾರ್ಸ್‌ಗರ್ಲ್ ತಂಡದ ಮೂವರೂ ಹೆಣ್ಣುಮಕ್ಕಳು. ಅಲ್ಲಿ ಮುಂದೆ ಯಾರು, ಹಿಂದೆ ಯಾರು? 2025ರ ಫೆಬ್ರವರಿಯಲ್ಲಿ ಬಂದ ಅವರ ‘ಫೊನೆಟಿಕ್ಸ್ ಆನ್ ಅಂಡ್ ಆನ್’ ಆಲ್ಬಮ್ಮಿನ ನಿರ್ಮಾಣ ವೇಲ್ಸಿನ ಸಂಗೀತಗಾರ್ತಿ ಕೇಟ್ ಲೆ ಬಾನ್ ಅವರದು. ಸ್ಟುಡಿಯೋದಲ್ಲಿ ಕೂತು ಆ ದನಿಗಳನ್ನು ಹದಮಾಡಿದ ಅವರಿಗೆ ಈ ಹಣೆಪಟ್ಟಿಯಲ್ಲಿ ಜಾಗವೇ ಇಲ್ಲ.