ರಸೀದಿ ಕೊಡದ ಮಾಲೀಕರು: ಒಂದು ಸಣ್ಣ ಚರಿತ್ರೆ

ಜನವರಿ ಬಂತೆಂದರೆ ಆಫೀಸಿನಲ್ಲಿ ಒಂದು ಮೇಲ್ ಬರುತ್ತದೆ: ಬಾಡಿಗೆ ರಸೀದಿಗಳನ್ನು ಇಂಥ ತಾರೀಖಿನೊಳಗೆ ಸಲ್ಲಿಸಿ. ಮುಂಬಯಿಗೆ ಬಂದ ಮೊದಲ ವರ್ಷ ಆ ಮೇಲ್ ಓದಿ ನಾನು ಮನೆಮಾಲೀಕರ ಬಾಗಿಲು ತಟ್ಟಿದ್ದೆ. ಅವರು ಚಹಾ ಕೊಟ್ಟರು, ಊರಿನ ಸುದ್ದಿ ಕೇಳಿದರು, ರಸೀದಿ ಮಾತ್ರ ಕೊಡಲಿಲ್ಲ. ಮರುದಿನ ಪಕ್ಕದ ಸೀಟಿನ ಗೆಳೆಯ ನಕ್ಕು ಉಪಾಯ ಹೇಳಿದ: ಸ್ಟೇಷನರಿ ಅಂಗಡಿಯಲ್ಲಿ ರಸೀದಿ ಪುಸ್ತಕ ಸಿಗುತ್ತದೆ, ಎಡಗೈಯಲ್ಲಿ ಸಹಿ ಹಾಕಿಬಿಡು.

ಬಾಡಿಗೆ ಕೊಟ್ಟಿದ್ದು ನಿಜ. ಆ ನಿಜವನ್ನು ತೋರಿಸಲು ಸುಳ್ಳು ಸಹಿ ಬೇಕು. ಇಂಥ ಇಕ್ಕಟ್ಟು ಎಲ್ಲಿಂದ ಬಂತು ಎಂದು ಹುಡುಕಿಕೊಂಡು ಹೋದರೆ ಅದರ ಬೇರು ಆದಾಯ ತೆರಿಗೆಯಲ್ಲಿಲ್ಲ, ಮುಂಬಯಿಯ ಚಾಳುಗಳಲ್ಲಿದೆ.

ಹಣ ಪಡೆದವನು ರಸೀದಿ ಕೊಡಬೇಕು ಎಂಬುದು ಹಳೆಯ ಕಾನೂನು. 1899ರ ಭಾರತೀಯ ಸ್ಟ್ಯಾಂಪ್ ಕಾಯ್ದೆಯ 30ನೇ ಕಲಮಿನ ಪ್ರಕಾರ, 20 ರೂಪಾಯಿಗಿಂತ ಹೆಚ್ಚು ಪಡೆದವನು, ಕೊಟ್ಟವನು ಕೇಳಿದರೆ ಸ್ಟ್ಯಾಂಪ್ ಹಚ್ಚಿದ ರಸೀದಿ ಕೊಡಲೇಬೇಕಿತ್ತು. ಆಗ ಅದರ ಬೆಲೆ ಒಂದು ಆಣೆ. ಇಂದು ಮಿತಿ 5,000 ರೂಪಾಯಿ, ಸ್ಟ್ಯಾಂಪಿಗೆ ಒಂದು ರೂಪಾಯಿ. ಆದರೆ ಕಾಯ್ದೆ ಹೇಳಿದ್ದು 'ಕೇಳಿದರೆ' ಎಂದು. ಮನೆ ಬಿಡಿಸಿಯಾನು ಎಂಬ ಭಯ ಇರುವವನು ಮಾಲೀಕನನ್ನು ಕೇಳುವುದು ಹೇಗೆ?

ಮೊದಲ ಮಹಾಯುದ್ಧದ ಹೊತ್ತಿಗೆ ಮುಂಬಯಿಯಲ್ಲಿ ಮನೆಗಳ ಬರ ಬಂತು. ಗಿರಣಿಗಳಿಗೆ ಜನ ಬರುತ್ತಲೇ ಇದ್ದರು, ಬಾಡಿಗೆ ಏರುತ್ತಲೇ ಇತ್ತು. 1918ರಲ್ಲಿ ಸರ್ಕಾರ ಬಾಡಿಗೆ ನಿಯಂತ್ರಣ ಕಾಯ್ದೆ ತಂದಿತು. ಎರಡನೇ ಮಹಾಯುದ್ಧದ ನಂತರ, 1947ರಲ್ಲಿ, ಹೆಚ್ಚು ಬಿಗಿಯಾದ ಮುಂಬಯಿ ಬಾಡಿಗೆ ಕಾಯ್ದೆ ಬಂತು. ಅದು ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರ ಮಟ್ಟಕ್ಕೆ ಕಟ್ಟಿಹಾಕಿತು. ಅದರ 26ನೇ ಕಲಮು ಕೇಳುವ ಕಷ್ಟವನ್ನೂ ತಪ್ಪಿಸಿತು. ಹಣ ಕೈಗೆ ಬಂದ ಕೂಡಲೇ ಮಾಲೀಕ ಲಿಖಿತ ರಸೀದಿ ಕೊಡಬೇಕು, ಕೊಡದಿದ್ದರೆ 100 ರೂಪಾಯಿವರೆಗೆ ದಂಡ.

ಇಲ್ಲಿಂದ ಚೀಟಿಗೆ ಬೇರೆಯದೇ ತೂಕ ಬಂತು. ಯಾರ ಹೆಸರಿನಲ್ಲಿ ರಸೀದಿಯೋ ಅವರನ್ನು ಖೋಲಿಯಿಂದ ಎಬ್ಬಿಸುವುದು ಸುಲಭವಲ್ಲ. ಹಾಗಾಗಿ ರಸೀದಿಯ ಮೇಲಿನ ಹೆಸರಿಗೇ ಬೆಲೆ ಕಟ್ಟುವ ಪಗಡಿ ಬೆಳೆಯಿತು. ಪಗಡಿ ಪಡೆಯುವುದನ್ನು ಅದೇ ಕಾಯ್ದೆ ಅಪರಾಧವೆಂದಿತ್ತು, ಆದ್ದರಿಂದ ಆ ಹಣಕ್ಕೆ ಕಾಗದವೇ ಇರಲಿಲ್ಲ. ಕರಾವಳಿಯಿಂದ ಬಂದು ಹೋಟೆಲು ನಡೆಸಿದ ನಮ್ಮವರೂ ಅನೇಕರು ಪಗಡಿ ಕೊಟ್ಟೇ ಜಾಗ ಹಿಡಿದರು. ಅವರ ಹೋಟೆಲುಗಳಲ್ಲಿ ದುಡಿದು ರಾತ್ರಿ ಅಲ್ಲೇ ಮಲಗಿದ ಹುಡುಗರಿಗೆ ಬಾಡಿಗೆಯೂ ಇಲ್ಲ, ರಸೀದಿಯೂ ಇಲ್ಲ. ಅಷ್ಟು ವರ್ಷ ಈ ಊರಿನಲ್ಲಿದ್ದೆ ಎನ್ನುವುದಕ್ಕೆ ಅವರ ಕೈಯಲ್ಲಿ ಒಂದು ಚೀಟಿಯೂ ಉಳಿಯಲಿಲ್ಲ.

ಕೆಲವು ಮಾಲೀಕರು ಬಾಡಿಗೆಯನ್ನೇ ಬೇಡವೆಂದು, ಆಮೇಲೆ 'ಬಾಡಿಗೆ ಬಾಕಿ' ಎಂದು ಕೋರ್ಟಿಗೆ ಹೋಗುತ್ತಿದ್ದರು. ಅದಕ್ಕೆ ಬಾಡಿಗೆದಾರರು ಕಂಡುಕೊಂಡ ದಾರಿ ಮನಿ ಆರ್ಡರ್. ಮಾಲೀಕ ತೆಗೆದುಕೊಂಡರೆ ಅಂಚೆ ಸ್ವೀಕೃತಿಯೇ ರಸೀದಿ, ನಿರಾಕರಿಸಿದರೆ ಹಿಂದಿರುಗಿದ ಫಾರಮ್ಮೇ ಸಾಕ್ಷಿ. ಮಾಲೀಕನ ಸಹಿ ಇಲ್ಲದೆಯೂ ಬಾಡಿಗೆಯನ್ನು ರುಜುವಾತು ಮಾಡಬಹುದು ಎಂಬುದು ಅವರಿಗೆ ಆಗಲೇ ಗೊತ್ತಿತ್ತು.

1973ರಲ್ಲಿ ಇನ್ನೊಂದು ತಿರುವು. ಆ ವರ್ಷದ ಫೆಬ್ರವರಿ 1ರಂದು 'ಲೀವ್ ಅಂಡ್ ಲೈಸೆನ್ಸ್' ಮೇಲೆ ಮನೆಯಲ್ಲಿದ್ದವರನ್ನೂ ಕಾಯ್ದೆಯ ತಿದ್ದುಪಡಿ ಬಾಡಿಗೆದಾರರೆಂದು ಕಾಪಾಡಿತು. ಇದ್ದವರಿಗೆ ಒಳ್ಳೆಯದಾಯಿತು, ಬರುವವರಿಗೆ ಬಾಗಿಲು ಕಿರಿದಾಯಿತು. ತನ್ನ ಕೈಬರಹದ ಒಂದು ಚೀಟಿಯಿಂದ ಮನೆಯೇ ಕೈತಪ್ಪೀತು ಎಂಬ ಅಂಜಿಕೆ ಮಾಲೀಕರಲ್ಲಿ ಗಟ್ಟಿಯಾಯಿತು. ಜತೆಗೆ ಮಹಾನಗರಪಾಲಿಕೆಯ ಆಸ್ತಿ ತೆರಿಗೆ 2010ರವರೆಗೆ ಬಾಡಿಗೆ ಮೌಲ್ಯದ ಮೇಲೆಯೇ ನಿಂತಿತ್ತು. ಚೀಟಿ ಹೊರಗೆ ಹೋದರೆ ಅಲ್ಲಿಯೂ ಪೆಟ್ಟು.

ಈ ನಡುವೆ ಅದೇ ಚೀಟಿಗೆ ಇನ್ನೊಬ್ಬ ಗಿರಾಕಿ ಬಂದಿದ್ದ. 1961ರ ಆದಾಯ ತೆರಿಗೆ ಕಾಯ್ದೆಗೆ 1964ರಲ್ಲಿ 10(13ಎ) ಎಂಬ ಕಲಮು ಸೇರಿತು. ಮನೆ ಬಾಡಿಗೆ ಭತ್ಯೆಗೆ, ಅಂದರೆ ಎಚ್‌ಆರ್‌ಎಗೆ, ವಿನಾಯಿತಿ ಸಿಕ್ಕಿತು. ಇಲ್ಲೊಂದು ಗಮನಿಸುವ ಸಂಗತಿ: ಆ ಕಲಮಿನಲ್ಲಿ 'ರಸೀದಿ' ಎಂಬ ಪದವೇ ಇಲ್ಲ. ಬಾಡಿಗೆಗೆ 'ನಿಜವಾಗಿ ಮಾಡಿದ ಖರ್ಚು' ಎಂದಷ್ಟೇ ಅದು ಹೇಳುತ್ತದೆ. ರಸೀದಿ ಬಂದದ್ದು ಸಂಬಳದಲ್ಲಿ ತೆರಿಗೆ ಮುರಿಯುವ ಕಂಪನಿಯ ಕೈಗೆ ಆಧಾರ ಬೇಕೆಂಬ ಕಾರಣಕ್ಕೆ, ತೆರಿಗೆ ಮಂಡಳಿಯ ಸುತ್ತೋಲೆಗಳ ಮೂಲಕ. ತಿಂಗಳಿಗೆ 3,000 ರೂಪಾಯಿವರೆಗಿನ ಭತ್ಯೆಗೆ ಅದನ್ನೂ ಕೇಳಬೇಕಿಲ್ಲ ಎಂದು ಅವೇ ಸುತ್ತೋಲೆಗಳು ಹೇಳಿದವು. ಆ ಮೊತ್ತಕ್ಕೆ ಇಂದು ಮುಂಬಯಿಯಲ್ಲಿ ಮನೆ ಹುಡುಕುವುದು ಹೇಗೆ ಎಂದು ಮಾತ್ರ ಹೇಳಲಿಲ್ಲ.

2013ರ ಅಕ್ಟೋಬರಿನಲ್ಲಿ ಹಗ್ಗ ಬಿಗಿಯಾಯಿತು. ಅದುವರೆಗೆ ವರ್ಷಕ್ಕೆ 1,80,000 ರೂಪಾಯಿ ಮೀರಿದ ಬಾಡಿಗೆಗೆ ಕೇಳುತ್ತಿದ್ದ ಮಾಲೀಕರ ಪ್ಯಾನ್ ಸಂಖ್ಯೆಯನ್ನು 1,00,000 ಮೀರಿದರೂ ಕೊಡಬೇಕೆಂದಾಯಿತು. ಹಿಂದೆ 'ಈತ ಮನೆಯಲ್ಲೇ ಉಳಿದುಬಿಟ್ಟಾನು' ಎಂದು ಹೆದರುತ್ತಿದ್ದ ಮಾಲೀಕರು ಈಗ 'ನನ್ನ ಆದಾಯ ಹೊರಬಿದ್ದೀತು' ಎಂದು ಹೆದರತೊಡಗಿದರು. ಕಾರಣ ಬದಲಾಯಿತು, ರಸೀದಿ ಸಿಗದಿರುವುದು ಬದಲಾಗಲಿಲ್ಲ.

ಮನೆ ಕಾನೂನು ಅಷ್ಟರಲ್ಲಿ ಬೇರೆ ದಾರಿ ಹಿಡಿದಿತ್ತು. ಬಾಡಿಗೆಯನ್ನು ಹಳೆಯ ಕಾಲಕ್ಕೆ ಕಟ್ಟಿಹಾಕುವುದು ಇನ್ನು ನ್ಯಾಯವಲ್ಲ ಎಂದು ಸುಪ್ರೀಂ ಕೋರ್ಟ್ 1997ರ ಡಿಸೆಂಬರಿನಲ್ಲಿ ಹೇಳಿತು. ಆ ಪ್ರಕರಣದ ತಲೆಬರಹದ ಮೊದಲ ಪದ 'ಮಲ್ಪೆ', ನಮ್ಮ ಕರಾವಳಿಯದೇ ಹೆಸರು. 2000ದ ಮಾರ್ಚ್ 31ರಿಂದ ಜಾರಿಗೆ ಬಂದ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ ರಸೀದಿಯನ್ನು ಕಡ್ಡಾಯವಾಗಿಯೇ ಉಳಿಸಿತು. ಕರಾರನ್ನು ನೋಂದಾಯಿಸುವ ಹೊಣೆಯನ್ನೂ ಮಾಲೀಕರ ಮೇಲೆ ಹಾಕಿತು. ನೋಂದಣಿ ಇಲ್ಲದಿದ್ದರೆ, ಬೇರೆ ಪುರಾವೆ ಇಲ್ಲದ ಕಡೆ, ಷರತ್ತುಗಳ ಬಗ್ಗೆ ಬಾಡಿಗೆದಾರನ ಮಾತೇ ನಡೆಯುತ್ತದೆ.

ಹಾಗಾದರೆ ರಸೀದಿ ಇಲ್ಲದವನು ಬಾಡಿಗೆಯ ವಿನಾಯಿತಿ ಕೇಳಬಹುದೇ? ಕೇಳಬಹುದು, ಬಾಡಿಗೆ ನಿಜವಾಗಿದ್ದರೆ. ಕಂಪನಿ ಒಪ್ಪದಿದ್ದರೂ ರಿಟರ್ನ್ ಸಲ್ಲಿಸುವಾಗ ಕೇಳುವ ಹಕ್ಕು ಉಳಿದಿರುತ್ತದೆ. ಸಂಬಳದಲ್ಲಿ ಎಚ್‌ಆರ್‌ಎ ಇಲ್ಲದವರಿಗೆ 80ಜಿಜಿ ಕಲಮು ಇದೆ. ಅದರ ಗರಿಷ್ಠ ಮಿತಿ ತಿಂಗಳಿಗೆ 2,000 ಇದ್ದದ್ದು 2016ರ ಬಜೆಟ್ಟಿನಲ್ಲಿ 5,000 ಆಯಿತು. ಆದರೆ 2020ರಲ್ಲಿ ಬಂದ ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಇವೆರಡೂ ಇಲ್ಲ. ಇನ್ನು ಪುರಾವೆಯ ಮಾತು. 2017ರಲ್ಲಿ ಮುಂಬಯಿಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಮುಂದೆ ಒಂದು ಪ್ರಕರಣ ಬಂತು. ತಾಯಿಗೆ ನಗದಾಗಿ ಬಾಡಿಗೆ ಕೊಟ್ಟೆನೆಂದು ಮಗಳ ವಾದ. ಮಂಡಳಿ ಹುಡುಕಿದ್ದು ಕರಾರುಪತ್ರ, ಬ್ಯಾಂಕಿನ ದಾಖಲೆ, ಹೌಸಿಂಗ್ ಸೊಸೈಟಿಗೆ ಬರೆದ ಪತ್ರ, ಕರೆಂಟು-ನೀರಿನ ಬಿಲ್ಲುಗಳನ್ನು. ಯಾವುದೂ ಇಲ್ಲದ್ದರಿಂದ ವಿನಾಯಿತಿ ಸಿಗಲಿಲ್ಲ.

ನಾನು ಆ ವರ್ಷ ರಸೀದಿ ಪುಸ್ತಕ ಕೊಳ್ಳಲಿಲ್ಲ. ಕಂಪನಿ ತೆರಿಗೆ ಮುರಿದುಕೊಂಡಿತು, ಮಾರ್ಚಿಯ ಸಂಬಳ ಅರ್ಧವೇ ಕೈಗೆ ಬಂತು. ಜುಲೈಯಲ್ಲಿ ಕರಾರುಪತ್ರವನ್ನೂ ಹನ್ನೆರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟನ್ನೂ ಎದುರಿಗಿಟ್ಟುಕೊಂಡು ರಿಟರ್ನ್ ತುಂಬಿದೆ. ಹಣ ವಾಪಸ್ ಬರುವವರೆಗೂ ಎದೆಯಲ್ಲಿ ಡವಡವ ಇದ್ದೇ ಇತ್ತು. ಆ ಕಾಗದಗಳು ಈಗಲೂ ಟ್ರಂಕಿನಲ್ಲಿವೆ. ಮನಿ ಆರ್ಡರ್ ಫಾರಮ್ಮುಗಳನ್ನು ಕಟ್ಟುಕಟ್ಟಿ ಇಟ್ಟುಕೊಳ್ಳುತ್ತಿದ್ದ ಚಾಳಿನ ಬಾಡಿಗೆದಾರರೂ ಇದನ್ನೇ ಮಾಡುತ್ತಿದ್ದರು.